ಸ್ಟೇಷನ್ ರಸ್ತೆಯ ಪರದೇಶಿಗಳು

ನಾನು ಮದುವೆಯಾಗಿ ವಿಜಾಪುರಕ್ಕೆ ಬಂದದ್ದು 1974ರ ಬೇಸಿಗೆಯಲ್ಲಿ. ಆಗ ಕಾಗದಪತ್ರಗಳಲ್ಲಿ ಬಿಜಾಪುರ, ಜನರ ಬಾಯಲ್ಲಿ ವಿಜಾಪುರ. ವಿಜಯಪುರ ಎಂದು ಸರಕಾರ ಹೆಸರು ಬದಲಿಸಿದ್ದು 2014ರ ನವೆಂಬರ್ 1ರಂದು. ನನ್ನ ನಾಲಿಗೆಗೆ ಇನ್ನೂ ಹಳೆಯ ಹೆಸರೇ ರೂಢಿ.

ನಮ್ಮದು ಸಾಗರದ ಕಡೆಯ ಊರು. ಅಡಿಕೆ ತೋಟ, ಜಿಟಿಜಿಟಿ ಮಳೆ, ಮೂರು ಹೊತ್ತೂ ಅನ್ನ. ಮಾವನವರು ರೈಲ್ವೆಯಲ್ಲಿದ್ದವರು, ಸಾಗರ ಸ್ಟೇಷನ್ನಿನಲ್ಲಿ ಕೆಲವು ವರ್ಷ ಇದ್ದಾಗ ನಮ್ಮ ತಂದೆಯ ಜೊತೆ ಬೆಳೆದ ಸ್ನೇಹ ಕೊನೆಗೆ ಬೀಗತನವಾಯಿತು. ಹೀಗಾಗಿ ಒಂದು ಬೆಳಿಗ್ಗೆ ಮೀಟರ್‌ಗೇಜ್ ಗಾಡಿಯಿಂದ ಇಳಿದು, ಟ್ರಂಕಿನ ಜೊತೆ ಟಾಂಗಾ ಹತ್ತಿ ಕುಳಿತೆ. ಮನೆ ಕಾಣುವ ಮೊದಲು ಕಂಡದ್ದು ಗೋಳಗುಮ್ಮಟ. ಮರವಿಲ್ಲದ ಆ ಬಯಲಿನಲ್ಲಿ ಅದು ಎದ್ದು ನಿಂತದ್ದನ್ನು ಕಂಡು, ಇಷ್ಟು ದೊಡ್ಡದರ ಪಕ್ಕದಲ್ಲಿ ಜನ ಹೇಗಪ್ಪಾ ಬದುಕುತ್ತಾರೆ ಎಂದು ಎದೆ ಝಲ್ಲೆಂದಿತು.

ಸ್ಟೇಷನ್ ರಸ್ತೆಯಲ್ಲಿ ನಮ್ಮ ಬಾಡಿಗೆ ಮನೆ. ಬಂದ ಮರುದಿನದಿಂದಲೇ ಕಿಟಕಿಯ ಸರಳುಗಳ ನಡುವೆ ಮಕ್ಕಳ ಮುಖಗಳು. ನಾನು ನೀರು ತುಂಬಿದರೆ ನೋಡುತ್ತಿದ್ದರು, ಜಡೆ ಹಾಕಿಕೊಂಡರೆ ನೋಡುತ್ತಿದ್ದರು. ರೊಟ್ಟಿ ಬಡಿಯಲು ಕೂತರಂತೂ ಹಬ್ಬ. ನನ್ನ ರೊಟ್ಟಿ ಒಂದು ದಿನ ಸಿಂಹಳ ದ್ವೀಪದಂತೆ, ಇನ್ನೊಂದು ದಿನ ಗುಜರಾತಿನಂತೆ ಆಗುತ್ತಿತ್ತು. "ಬೇಗ ಬನ್ನಿ" ಎಂದು ಯಾರನ್ನಾದರೂ ಕರೆದರೆ ಹೊರಗೆ ಕಿಸಕ್ಕನೆ ನಗು. "ಏ ಬರ್ರೋ ಲಗೂ, ಮೈಸೂರ ವೈನಿ ಮಾತಾಡ್ಲಿಕ್ಹತ್ಯಾಳ!" ಮೈಸೂರನ್ನು ನಾನು ಆವರೆಗೆ ಕಣ್ಣಿನಿಂದಲೂ ನೋಡಿರಲಿಲ್ಲ. ಆದರೂ ಇಡೀ ರಸ್ತೆಗೆ ನಾನು ಮೈಸೂರ ವೈನಿ.

ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಂಕಟವಾಗುತ್ತಿದ್ದುದು ದೊಡ್ಡವರ ಮೌನದಿಂದ. ನೀರಿನ ಸರದಿಯಲ್ಲಿ ನಿಂತರೆ ಹೆಂಗಸರು ತಮ್ಮ ಮಾತು ನಿಲ್ಲಿಸಿ ನನ್ನ ಸೀರೆ ಉಟ್ಟ ರೀತಿ, ಮೂಗುಬೊಟ್ಟು ಎಲ್ಲವನ್ನೂ ಅಳೆದು, ಮತ್ತೆ ತಮ್ಮ ಮಾತಿಗೆ ಹೋಗುತ್ತಿದ್ದರು. ತಿಂಗಳು ಕಳೆದ ಮೇಲೆ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ, ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ನನ್ನನ್ನು ಕಟ್ಟೆಗೆ ಕರೆದಳು. "ಬಾರವ್ವಾ, ಕೂಡು. ನಿಂತ್ರ ನೋಡೂ ಮಂದಿ ಹೆಚ್ಚಾಗ್ತಾರ" ಎಂದಳು. ಒಳಗಿನಿಂದ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. ಆ ಬೆಲ್ಲದ ರುಚಿ ನನಗೆ ಈಗಲೂ ನೆನಪಿದೆ. ಕೂತ ಮೇಲೆ ನಿಜವಾಗಿಯೂ ಮಕ್ಕಳು ಚದುರಿದರು. ಅಲ್ಲೇ ಕೂತು ಮಾತಾಡುವವಳನ್ನು ಎಷ್ಟು ಹೊತ್ತು ನೋಡುತ್ತಾರೆ?

ಅದೇ ಅಜ್ಜಿಯ ಬಾಯಿಂದ ನಾನು ಒಂದು ಶಬ್ದದ ಇನ್ನೊಂದು ಅರ್ಥ ಕಲಿತೆ. ಓಣಿಯ ಮುದುಕಿಯೊಬ್ಬಳ ಒಬ್ಬನೇ ಮಗ ಸೋಲಾಪುರದ ಮಿಲ್ಲಿಗೆ ದುಡಿಯಲು ಹೋದವನು ಮರಳಿ ಬಂದಿರಲಿಲ್ಲ. "ಪರದೇಶಿ ಆಗ್ಯಾಳ ನೋಡ ಪಾಪ" ಎಂದಳು ಅಜ್ಜಿ. ಹೋದವನು ಮಗ, ಪರದೇಶಿಯಾದವಳು ಊರಲ್ಲೇ ಉಳಿದ ತಾಯಿ! ಬೇರೆ ದೇಶದವನು ಎಂಬ ಶಬ್ದಕ್ಕೆ ದಿಕ್ಕಿಲ್ಲದವನು ಎಂಬ ಅರ್ಥ ಹೇಗೆ ಬಂತು ಎಂದು ಆ ರಾತ್ರಿ ಯೋಚಿಸಿದೆ. ತನ್ನವರು ಹತ್ತಿರ ಇಲ್ಲದವರೆಲ್ಲ ಪರದೇಶಿಗಳೇ. ಹಾಗೆ ನೋಡಿದರೆ ಗಂಡನ ಮನೆಗೆ ಬಂದ ಪ್ರತಿಯೊಬ್ಬ ಹೆಣ್ಣೂ ಮೊದಲ ವರ್ಷ ಪರದೇಶಿಯೇ ಅಲ್ಲವೆ?

ಒಂಬತ್ತು ವರ್ಷ ಕಳೆದವು. ರೊಟ್ಟಿ ದುಂಡಗಾಯಿತು, 'ಬೇಗ' ಹೋಗಿ 'ಲಗೂನ' ಬಂತು. ಮಗ ಹುಟ್ಟಿ ಏಳು ವರ್ಷದವನಾದ. ಅವನ ಬಾಯಲ್ಲಿ ಅಪ್ಪಟ ವಿಜಾಪುರದ ಭಾಷೆ. ಸ್ಟೇಷನ್ನಿನಲ್ಲಿ ಇಳಿದ ಪ್ರವಾಸಿಗರು ನಮ್ಮ ರಸ್ತೆ ಹಿಡಿದೇ ಗೋಳಗುಮ್ಮಟಕ್ಕೆ ಹೋಗಬೇಕು. ಅವರಲ್ಲಿ ಬಿಳಿಯರು ಯಾರಾದರೂ ಕಂಡರೆ ಓಣಿಯ ಮಕ್ಕಳಿಗೆ ಶಾಲೆ, ಆಟ, ಊಟ ಒಂದೂ ನೆನಪಿರುತ್ತಿರಲಿಲ್ಲ. "ಹಲೋ, ವಾಟ್ ಈಸ್ ಯುವರ್ ನೇಮ್", "ಒನ್ ಪೆನ್" ಎನ್ನುತ್ತ ಬೆನ್ನು ಹತ್ತುವರು. ಉತ್ತರ ಅವರಿಗೆ ಬೇಕಿರಲಿಲ್ಲ, ಬಂದರೂ ತಿಳಿಯುತ್ತಿರಲಿಲ್ಲ.

1983ರ ಫೆಬ್ರವರಿಯ ಒಂದು ಮಧ್ಯಾಹ್ನ ಹಾಗೆಯೇ ಗದ್ದಲ ಕೇಳಿ ಹೊರಗೆ ಬಂದೆ. ಬೆನ್ನಿಗೆ ಚೀಲ ಹೊತ್ತ ಒಬ್ಬ ಹೆಣ್ಣುಮಗಳು, ಒಬ್ಬಳೇ ನಡೆದು ಬರುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಹಿಂದೆ ಇಪ್ಪತ್ತು ಮಕ್ಕಳು. ಮೊದಲು ನಗುತ್ತಲೇ ಇದ್ದಳು. ಒಬ್ಬ ಹುಡುಗ ಅವಳ ಕೂದಲು ಮುಟ್ಟಿ ಓಡಿದ. ಇನ್ನೊಬ್ಬಳು ತೋಳು ಚಿವುಟಿ ನೋಡಿದಳು. ಅಷ್ಟರಲ್ಲಿ ಒಂದು ಸಣ್ಣ ಕಲ್ಲು ಹಾರಿ ಬಂದು ಅವಳ ಚೀಲಕ್ಕೆ ತಾಗಿತು. ಎಸೆದವನು ನನ್ನ ಮಗ.

ಅವಳು ತಿರುಗಿ ನಿಂತಳು. ಬೈಯಲಿಲ್ಲ. ಕಣ್ಣಲ್ಲಿ ನೀರಿತ್ತು. ಸುತ್ತಲಿನ ಕಟ್ಟೆಗಳ ಮೇಲೆ ದೊಡ್ಡವರು ಕೂತಿದ್ದರು, ಎಲ್ಲರೂ ನೋಡುತ್ತಿದ್ದರು. ನೀರಿನ ಸರದಿಯಲ್ಲಿ ನನ್ನನ್ನು ನೋಡಿದ ಕಣ್ಣುಗಳೇ ಅವು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ನನಗೆ ಬರುತ್ತಿದ್ದ ಇಂಗ್ಲಿಷ್ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಅಜ್ಜಿಯ ಮಾತು: "ಬಾರವ್ವಾ, ಕೂಡು." ಕೈ ತೋರಿಸಿದ ರೀತಿಯಿಂದ ಅವಳಿಗೆ ಅರ್ಥವಾಯಿತು.

ಬೆಲ್ಲ, ನೀರು ತಂದಿಟ್ಟೆ. ಬೆಲ್ಲವನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಅಂಗೈಯಲ್ಲಿ ಹಿಡಿದು ಕೂತಳು. ನಾನೊಂದು ತುಂಡು ಬಾಯಿಗೆ ಹಾಕಿಕೊಂಡು ತೋರಿಸಿದೆ. ಮಕ್ಕಳು ತಾವಾಗಿಯೇ ಎದುರಿಗೆ ನೆಲದ ಮೇಲೆ ಕೂತರು. ಅವಳು ಒಂದು ಸಣ್ಣ ವಹಿ ತೆಗೆದು ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಂಡಳು. ಅವಳ ಬಾಯಲ್ಲಿ ಹೆಸರುಗಳು ಮುರಿದು ಬಿದ್ದಾಗ ಮಕ್ಕಳು ನಕ್ಕರು, ಅವಳೂ ನಕ್ಕಳು. ನನ್ನ ಮಗ ಮಾತ್ರ ಕದದ ಹಿಂದಿನಿಂದ ಹೊರಗೆ ಬರಲಿಲ್ಲ, ಹೆಸರೂ ಹೇಳಲಿಲ್ಲ. ಆಮೇಲೆ ಅದೇ ಮಕ್ಕಳು ಅವಳನ್ನು ನಡುವೆ ಇಟ್ಟುಕೊಂಡು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರು. ಮೇಲಿನ ಗ್ಯಾಲರಿಯಲ್ಲಿ ನಿಂತು ಅವಳ ಹೆಸರು ಕೂಗಿದರಂತೆ. ಗುಮ್ಮಟ ಅದನ್ನು ಮತ್ತೆ ಮತ್ತೆ ಕೂಗಿತಂತೆ.

ರಾತ್ರಿ ಮಲಗುವಾಗ ಮಗ ಕೇಳಿದ: "ಅವ್ವಾ, ಆಕಿ ತನ್ನ ಊರಿಗೆ ಹೋಗಿ ನನ್ನ ಬಗ್ಗೆ ಏನ್ ಹೇಳ್ತಾಳ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಪ್ರಶ್ನೆಯೇ ನನ್ನನ್ನು ಇತಿಹಾಸದ ಪುಸ್ತಕಗಳ ಕಡೆಗೆ ತಿರುಗಿಸಿತು. ನಮ್ಮ ನೆಲಕ್ಕೆ ಹಿಂದೆ ಬಂದ ಪರದೇಶಿಗಳು ನಮ್ಮ ಬಗ್ಗೆ ಏನು ಹೇಳಿ ಹೋದರು? ಅಡಿಗೆ ಮುಗಿದ ಮೇಲಿನ ಮಧ್ಯಾಹ್ನಗಳಲ್ಲಿ ವರ್ಷಗಟ್ಟಲೆ ಓದಿದೆ.

ಮೊದಲು ಸಿಕ್ಕವನು ರಷ್ಯದ ತ್ವೆರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ, ವಾಸ್ಕೊ ಡ ಗಾಮ ಬರುವುದಕ್ಕೂ ಸುಮಾರು ಮೂವತ್ತು ವರ್ಷ ಮೊದಲು, ಒಂದು ಕುದುರೆಯನ್ನು ಮಾರಲೆಂದು ಹಡಗಿನಲ್ಲಿ ತಂದು ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು, ಅಲ್ಲಿಂದ ನಮ್ಮ ಬೀದರಿಗೆ ಬಂದವನು. ತಾನು ಹೋದಲ್ಲೆಲ್ಲ ಜನ ಹಿಂಬಾಲಿಸುತ್ತಾರೆ, ಬಿಳಿಯ ಮನುಷ್ಯನನ್ನು ಕಂಡು ಬೆರಗಾಗುತ್ತಾರೆ ಎಂದು ಅವನು ಬರೆದಿದ್ದಾನೆ. ಓದಿ ನಗು ಬಂತು. ಐದು ನೂರು ವರ್ಷಗಳಿಂದ ನಾವು ಬೆನ್ನು ಹತ್ತುತ್ತಲೇ ಇದ್ದೇವೆ! ಆದರೆ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ಮಾತು. ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮಗ್ರಂಥಗಳು ಹೋಗಿದ್ದವು. ತನ್ನ ಹಬ್ಬಗಳು ಯಾವಾಗ ಬರುತ್ತವೆಂದು ತಿಳಿಯದೆ ಹಳಹಳಿಸುತ್ತಾನೆ. ನಮ್ಮೂರಿನಲ್ಲಿ ಭೂಮಿ ಹುಣ್ಣಿಮೆ ಎನ್ನುವುದನ್ನು ಇಲ್ಲಿ ಶೀಗಿ ಹುಣ್ಣಿಮೆ ಎನ್ನುತ್ತಾರೆಂದು ತಿಳಿಯದೆ, ಈ ಊರಲ್ಲಿ ನನ್ನ ಹಬ್ಬವೇ ಇಲ್ಲವೆಂದು ಮೊದಲ ವರ್ಷ ಅತ್ತವಳು ನಾನು. ನಿಕಿತಿನ್ ಮರಳುವಾಗ ತನ್ನ ಊರು ಮುಟ್ಟುವ ಮೊದಲೇ ತೀರಿಕೊಂಡ.

ಆಗ ಬೀದರಿನಲ್ಲಿ ಬಹಮನಿ ಸುಲ್ತಾನರು. ಅವರ ಮುಖ್ಯಮಂತ್ರಿ ಮಹಮೂದ್ ಗವಾನ್ ಕೂಡ ಪರ್ಷಿಯಾದಿಂದ ಬಂದವನೇ. ಬೀದರಿನಲ್ಲಿ ಈಗಲೂ ನಿಂತಿರುವ ದೊಡ್ಡ ಮದರಸಾ 1472ರಲ್ಲಿ ಅವನು ಕಟ್ಟಿಸಿದ್ದು. ಅಲ್ಲಿನ ದರಬಾರಿನಲ್ಲಿ ಎರಡು ಪಕ್ಷಗಳಿದ್ದವು. ಈ ನೆಲದಲ್ಲೇ ಬೇರೂರಿದವರು ದಖನಿಗಳು. ಸಮುದ್ರ ದಾಟಿ ಬಂದ ಇರಾನಿಗಳು, ತುರ್ಕರು, ಅರಬರು ಅಫಾಕಿಗಳು. ಈ ಅಫಾಕಿಗಳಿಗೆ ಇನ್ನೊಂದು ಹೆಸರು 'ಗರೀಬರು'. ಆ ಭಾಷೆಯಲ್ಲಿ ಗರೀಬ ಎಂದರೆ ಬಡವನಲ್ಲ, ಪರಊರಿನವನು! ನಮ್ಮ ಬಾಯಿಗೆ ಬರುವಷ್ಟರಲ್ಲಿ ಅದು ಬಡವನೆಂದಾಯಿತು. ಪರದೇಶಿ ಶಬ್ದಕ್ಕೆ ಆದದ್ದೇ ಗರೀಬ ಶಬ್ದಕ್ಕೂ ಆಗಿದೆ. ಎರಡು ಬೇರೆ ಬೇರೆ ಭಾಷೆಗಳು, ತನ್ನವರಿಂದ ದೂರ ಬಂದವನೇ ನಿಜವಾದ ಬಡವನೆಂದು ಒಂದೇ ತೀರ್ಮಾನಕ್ಕೆ ಬಂದಿವೆ. ಎರಡೂ ಪಕ್ಷಗಳ ಜಗಳದಲ್ಲಿ 1481ರಲ್ಲಿ ಸುಳ್ಳು ಪತ್ರವೊಂದನ್ನು ಸೃಷ್ಟಿಸಿ, ಅದನ್ನು ತೋರಿಸಿ ಗವಾನನ ತಲೆ ತೆಗೆಸಿದರು.

ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಎಂಬುವನೇ ಮುಂದೆ 1490ರ ಹೊತ್ತಿಗೆ ವಿಜಾಪುರದಲ್ಲಿ ಆದಿಲಶಾಹಿ ಮನೆತನವನ್ನು ಕಟ್ಟಿದವನು. ಅಂದರೆ ನಮ್ಮ ಊರಿನ ಮೊದಲ ಸುಲ್ತಾನನೇ ಗರೀಬ. ಅವನು ತುರ್ಕಿಯ ರಾಜಕುಮಾರನಂತೆ. ಹೊಸ ಸುಲ್ತಾನ ತಮ್ಮಂದಿರನ್ನು ಉಳಿಸುವುದಿಲ್ಲವೆಂದು ತಿಳಿದ ತಾಯಿ, ಮಗುವನ್ನು ಗುಟ್ಟಾಗಿ ಪರ್ಷಿಯಾದ ಸಾವಾ ಊರಿನ ವರ್ತಕನ ಕೈಗೆ ಒಪ್ಪಿಸಿದಳು ಎಂದು ಒಂದು ಕಥೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲ. ಆದರೆ ಮಗನನ್ನು ದೂರದ ದೇಶಕ್ಕೆ ಕಳಿಸಿ ಪರದೇಶಿಯಾದ ತಾಯಿಯ ಮಾತು ಬಂದರೆ ನಮ್ಮಂಥವರಿಗೆ ನಂಬಬೇಕೆನಿಸುತ್ತದೆ.

ಈ ಕಥೆಯನ್ನು ಬರೆದಿಟ್ಟವನು ಫಿರಿಶ್ತಾ. ಅವನೂ ಹೊರಗಿನವನೇ. ಕಾಸ್ಪಿಯನ್ ಸಮುದ್ರದ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲಕನಾಗಿ ತಂದೆಯ ಜೊತೆ ಅಹಮದನಗರಕ್ಕೆ ಬಂದು, 1589ರಲ್ಲಿ ವಿಜಾಪುರ ಸೇರಿದ. ದಖನಿನ ಇತಿಹಾಸಕ್ಕೆ ನಾವು ಇಂದಿಗೂ ತೆರೆದು ನೋಡುವ ಗ್ರಂಥವನ್ನು ಅವನು ಬರೆದದ್ದು ಈ ಊರಿನಲ್ಲಿ ಕೂತು.

ಅವನು ಹೇಳುವ ಒಂದು ಪ್ರಸಂಗವನ್ನು ನಾನು ಓಣಿಯ ಹೆಂಗಸರಿಗೆಲ್ಲ ಹೇಳಿದ್ದೇನೆ. 1510ರಲ್ಲಿ ಯೂಸುಫ್ ತೀರಿಕೊಂಡಾಗ ಮಗ ಇಸ್ಮಾಯಿಲ್ ಇನ್ನೂ ಹುಡುಗ. ಆಡಳಿತ ಹಿಡಿದ ಕಮಾಲ್ ಖಾನ್ ಗರೀಬರನ್ನು ನೌಕರಿಯಿಂದ ತೆಗೆದು, ತಾನೇ ಸಿಂಹಾಸನ ಏರಲು ಹೊಂಚಿದ. ಯೂಸುಫನ ರಾಣಿ ಮರಾಠಾ ಮನೆತನದ ಹೆಣ್ಣು, ಈ ನೆಲದವಳು. ಮಗನಿಗೆ ಅತ್ತೆಯಂತಿದ್ದ ದಿಲ್ಶಾದ್ ಆಗಾ ಪರ್ಷಿಯಾದಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ರಾಣಿಯ ಕಡೆಯವನೊಬ್ಬ ಕಮಾಲ್ ಖಾನನನ್ನು ಕೊಂದಾಗ, ಅವನ ಮಗ ಸೈನ್ಯ ತಂದು ಅರಮನೆಯನ್ನು ಮುತ್ತಿದ. ಆಗ ದಿಲ್ಶಾದ್ ಆಗಾ ಕವಚ ತೊಟ್ಟು, ಬಿಲ್ಲು ಹಿಡಿದು, ಕೈಬೆರಳೆಣಿಕೆಯ ಕಾವಲುಗಾರರ ಜೊತೆ ಅರಮನೆಯ ಗೋಡೆ ಹತ್ತಿ ನಿಂತಳಂತೆ. ರಾಜ್ಯ ಉಳಿಯಿತು. ಹೊರಗೆ ಗಂಡಸರು ದಖನಿ, ಗರೀಬ ಎಂದು ಹಂಚಿಹೋಗಿದ್ದಾಗ ಒಳಗೆ ಈ ನೆಲದ ಒಬ್ಬಳು, ಪರನೆಲದ ಒಬ್ಬಳು ಒಂದೇ ಹುಡುಗನಿಗಾಗಿ ಒಟ್ಟಾಗಿ ನಿಂತರು.

ಜಗಳ ಅಲ್ಲಿಗೆ ಮುಗಿಯಲಿಲ್ಲ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಗರೀಬರಲ್ಲಿ ಹೆಚ್ಚಿನವರನ್ನು ತೆಗೆದುಹಾಕಿ, ಲೆಕ್ಕಪತ್ರಗಳನ್ನು ಪರ್ಷಿಯನ್ ಬಿಡಿಸಿ ನೆಲದ ಮಾತಿನಲ್ಲಿ ಬರೆಯಿಸಿದ. ಅವನ ಮಗ ಅಲಿ ಮತ್ತೆ ಗರೀಬರನ್ನು ಕರೆತಂದ. ಒಬ್ಬ ಸುಲ್ತಾನ ಕರೆಯುವುದು, ಇನ್ನೊಬ್ಬ ಅಟ್ಟುವುದು. ನಮ್ಮ ಮಾತು ಜನರ ಕಚೇರಿಗೆ ಬಂದದ್ದು ಒಳ್ಳೆಯದೇ. ಆದರೆ ಅದಕ್ಕಾಗಿ ಯಾರನ್ನಾದರೂ ಓಡಿಸಲೇಬೇಕಿತ್ತೆ ಎಂದು ನನಗನ್ನಿಸುತ್ತದೆ.

1580ರಲ್ಲಿ ಒಂಬತ್ತು ವರ್ಷದ ಹುಡುಗ ಎರಡನೆಯ ಇಬ್ರಾಹಿಂ ಗದ್ದುಗೆ ಏರಿದ. ಮೊದಲು ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಚಾಂದಬೀಬಿ. ಅವಳೂ ಅಹಮದನಗರದಿಂದ ಸೊಸೆಯಾಗಿ ಬಂದವಳು. ಆ ಹುಡುಗ ಬೆಳೆದು 1627ರವರೆಗೆ ಆಳಿದ. ದಖನಿ ಭಾಷೆಯಲ್ಲಿ ಹಾಡುಗಳನ್ನು ಬರೆದು 'ಕಿತಾಬೆ ನವರಸ'ವೆಂದು ಹೆಸರಿಟ್ಟ, ಸರಸ್ವತಿಯನ್ನು ಸ್ತುತಿಸಿದ. ಅವನ ಕಾಲದಲ್ಲಿ ಪರ್ಷಿಯಾದ ಕವಿ ಜುಹೂರಿ ಇಲ್ಲಿದ್ದ. ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲನ ಹೆಸರು ಅಲ್ಲಿಯ ಶಾಸನದಲ್ಲೇ ಇದೆ. ಹಾಲೆಂಡಿನ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಹೇಡಾ 1610ರ ಸುಮಾರಿಗೆ ಬಂದವನು, ತೊರವಿಯ ಹತ್ತಿರ ಸುಲ್ತಾನ ಕಟ್ಟಿಸುತ್ತಿದ್ದ ನವರಸಪುರದಲ್ಲಿ ಮನೆ ಮಾಡಿಕೊಂಡು, ಮರಳಿ ಹೋಗಲೇ ಇಲ್ಲ. ಆ ಹೊತ್ತಿನಲ್ಲಿ ಈ ಊರು ಬಂದವರಿಗೆಲ್ಲ ಕಟ್ಟೆ ಒರೆಸಿ 'ಕೂಡ್ರಿ' ಎಂದಿತ್ತು. ಊರಿನ ಹೆಸರು ದೂರ ದೇಶಗಳಿಗೆ ಮುಟ್ಟಿದ್ದು ಆಗ.

ನಿತ್ಯ ನನ್ನ ಕಣ್ಣೆದುರಿಗಿದ್ದ ಗೋಳಗುಮ್ಮಟ ಅವನ ಮಗ ಮುಹಮ್ಮದನದು. ಆ ಸುಲ್ತಾನ ತೀರಿಕೊಂಡದ್ದು 1656ರಲ್ಲಿ. ಮೂವತ್ತು ವರ್ಷಗಳಲ್ಲಿ, 1686ಕ್ಕೆ, ಔರಂಗಜೇಬನ ಸೈನ್ಯಕ್ಕೆ ಊರು ಸೋತಿತು. ಆಮೇಲಿನ ಎರಡು ಶತಮಾನ ಇಲ್ಲಿ ಜನಕ್ಕಿಂತ ಗೋಡೆಗಳೇ ಹೆಚ್ಚು. 1884ರಲ್ಲಿ ಹೋಟಗಿ–ಗದಗ ರೈಲು ಬಂತು. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಇಲ್ಲಿಗೆ ಬಂತು. ಇಂಗ್ಲಿಷರು ಹಳೆಯ ಅರಮನೆಗಳನ್ನೇ ಕಚೇರಿ ಮಾಡಿಕೊಂಡರು. ರೈಲಿನ ಹಿಂದೆ ಗುಮಾಸ್ತರು, ವಕೀಲರು, ಹತ್ತಿ ವ್ಯಾಪಾರಿಗಳು, ಮಾಸ್ತರರು ಬಂದರು. ನಮ್ಮ ಸ್ಟೇಷನ್ ರಸ್ತೆಗೆ ಆ ಹೆಸರು ಬಂದದ್ದೂ ರೈಲಿನಿಂದಲೇ. ಇಲ್ಲಿ ಹಳಬರು ಯಾರು, ಹೊಸಬರು ಯಾರು? ನನ್ನನ್ನು ಮೈಸೂರ ವೈನಿ ಎಂದು ನಕ್ಕ ಮನೆಗಳ ಹಿರಿಯರೂ ಒಂದು ದಿನ ಅದೇ ಸ್ಟೇಷನ್ನಿನಲ್ಲಿ ಟ್ರಂಕು ಹೊತ್ತು ಇಳಿದವರೇ.

ಇಷ್ಟು ಓದಿದ ಮೇಲೆ ನನಗೆ ಒಂದು ಮಾತು ಖಚಿತವಾಯಿತು. ಮಕ್ಕಳು ಬೆನ್ನು ಹತ್ತುವುದು ತಪ್ಪಲ್ಲ. ಹೊಸ ಮುಖವನ್ನು ಕಣ್ಣರಳಿಸಿ ನೋಡುವುದು ಸ್ವಾಗತದ ಅರ್ಧ ಭಾಗ. ಉಳಿದ ಅರ್ಧ ದೊಡ್ಡವರ ಕೆಲಸ. ಅವರು ಕಟ್ಟೆಯಿಂದ ಏಳದೆ ಸುಮ್ಮನೆ ನೋಡುತ್ತ ಕೂತರೆ, ಮಗುವಿನ ಕುತೂಹಲ ಕೈಯಲ್ಲಿ ಕಲ್ಲಾಗುತ್ತದೆ. ಅಂದು ಕಲ್ಲು ಎಸೆದವನು ನನ್ನ ಮಗ, ನಿಜ. ಆದರೆ ಆ ರಸ್ತೆಯಲ್ಲಿ ಹತ್ತು ಹೆಜ್ಜೆ ಮೊದಲೇ ಅವಳನ್ನು ಕೂಡಿಸಬೇಕಾದವರು ನಾವಾಗಿದ್ದೆವು.

ಆ ಮಗ ಓದಿ ಇಂಜಿನಿಯರ್ ಆಗಿ ಹಾಲೆಂಡಿಗೆ ಹೋದ. ಈಗ ಅವನು ಅಲ್ಲಿ ಗರೀಬ, ನಾನು ಇಲ್ಲಿ ಪರದೇಶಿ. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋಗಿದ್ದಾಗ, ಹೇಡಾನ ಊರು ನೋಡಬೇಕೆಂದು ಹಟ ಹಿಡಿದೆ. ಹಾರ್ಲೆಮ್ಮಿನ ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದೆವು. ನಾನು ಇಳಕಲ್ಲ ಸೀರೆ ಉಟ್ಟು, ಮೇಲೆ ಮಗನ ಕೋಟು ಹಾಕಿಕೊಂಡಿದ್ದೆ. ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಬಂದು ನನ್ನ ಮುಂದೆ ನಿಂತಳು. ಹಣೆ ನೋಡಿದಳು, ಮೂಗುಬೊಟ್ಟು ನೋಡಿದಳು, ಬಗ್ಗಿ ಸೀರೆಯ ಅಂಚು ಮುಟ್ಟಿದಳು. ಏನೋ ಕೇಳಿದಳು. ತಾಯಿ ಓಡಿ ಬಂದು, ಹಾಗೆ ನೋಡಬಾರದೆಂದು ಕೈ ಹಿಡಿದು ಎಳೆದಳು.

"ಏನಂತೋ?" ಎಂದೆ.

"ನಿನ್ನ ಹಣೀಗೆ ಪೆಟ್ಟಾಗೇದ ಏನು, ನೋಯ್ತದ ಏನು ಅಂತ ಕೇಳ್ತಾಳ" ಎಂದ ಮಗ.

ನನಗೆ ನಗುವೂ ಬಂತು, ಗಂಟಲೂ ತುಂಬಿ ಬಂತು. ಸರಿದು ಜಾಗ ಮಾಡಿ, "ಬಾರವ್ವಾ, ಕೂಡು" ಎಂದೆ. ಮಗ ಅದನ್ನು ಅವರ ಭಾಷೆಯಲ್ಲಿ ಹೇಳಿದ. ತಾಯಿ ಒಂದು ಗಳಿಗೆ ಅನುಮಾನಿಸಿ, ಆಮೇಲೆ ನಕ್ಕು ಕೂತಳು. ಹುಡುಗಿ ನಡುವೆ ಕೂತು ತನ್ನ ಹೆಸರು ಹೇಳಿದಳು. ನನ್ನ ಬಾಯಲ್ಲಿ ಅದು ಮುರಿದು ಬಿತ್ತು. ಅವಳು ಬಿದ್ದು ಬಿದ್ದು ನಕ್ಕಳು. ಚೀಲದಲ್ಲಿ ಊರಿನಿಂದ ತಂದ ಶೇಂಗಾದ ಉಂಡೆ ಇತ್ತು. ತಾಯಿಯ ಅನುಮತಿ ಕೇಳಿ ಕೊಟ್ಟೆ.

ಅವರು ಹೋದ ಮೇಲೆ ಮಗ ಬಹಳ ಹೊತ್ತು ಚರ್ಚಿನ ಗೋಪುರ ನೋಡುತ್ತ ಕೂತ. ಆಮೇಲೆ, ನಲವತ್ತು ವರ್ಷದ ಆ ಗಂಡಸು, ಏಳು ವರ್ಷದ ಹುಡುಗನ ದನಿಯಲ್ಲಿ ಹೇಳಿದ:

"ಅವ್ವಾ, ಅವತ್ತ ಆಕಿಗೆ ನನ್ನ ಹೆಸರ ಹೇಳಬೇಕಾಗಿತ್ತು."